ಏನೂ ಮಾಡದೆ ಮನೆಗೆ ಕಳಿಸಿದ ಓಪಿಗೆ ನಾಲ್ಕೂವರೆ ಸ್ಟಾರ್

ಮಂಗಳೂರಿನ ಒಂದು ಆಸ್ಪತ್ರೆಯ ಲಿಂಫೋಮಾ (ಲಿಂಫ್ ಗ್ರಂಥಿಯ ಕ್ಯಾನ್ಸರ್) ಓಪಿ, ಅದರ ಡೇ ಕೇರ್, ಮತ್ತೆ ಅಲ್ಲೇ ಮೂಲೆಯಲ್ಲಿರುವ ರಿಸರ್ಚ್ ಡೆಸ್ಕ್, ಇದಿಷ್ಟರ ರಿವ್ಯೂ. ಆಸ್ಪತ್ರೆ ಹೆಸರು ಹಾಕುವುದಿಲ್ಲ, ಹೊಗಳ್ಲಿಕ್ಕೂ ಉಂಟು ಬೈಲಿಕ್ಕೂ ಉಂಟು, ಹೆಸರಿಲ್ಲದಿದ್ರೆ ಎರಡನ್ನೂ ದಾಕ್ಷಿಣ್ಯ ಇಲ್ಲದೆ ಬರೀಬಹುದು. ಪೇಷಂಟು ನನ್ನ ಚಿಕ್ಕಪ್ಪ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆ ಕನ್ನಡ ಶಾಲೆಯಲ್ಲಿ ಮಾಷ್ಟ್ರಾಗಿದ್ದು ರಿಟೈರ್ ಆದವರು, ಎಪ್ಪತ್ತು ದಾಟಿದೆ, ಸ್ವಲ್ಪ ಅಡಿಕೆ ತೋಟ ಉಂಟು. ಕಾಯಿಲೆ ಫಾಲಿಕ್ಯುಲರ್ ಲಿಂಫೋಮಾ, ಅಂದ್ರೆ ನಿಧಾನಕ್ಕೆ ಬೆಳೆಯುವ ಜಾತಿಯ ಲಿಂಫೋಮಾ. ಅವರನ್ನು ಕೇಳಿಯೇ ಬರೀತಿದ್ದೇನೆ, "ಬರಿ ಮಾರಾಯ, ಆದ್ರೆ ನನ್ನನ್ನು ಪಾಪದವನ ಹಾಗೆ ತೋರಿಸ್ಬೇಡ" ಅಂತ ಒಂದೇ ಕಂಡೀಷನ್.

ಮಾರ್ಕು ಐದರಲ್ಲಿ ನಾಲ್ಕೂವರೆ, ಅದರಲ್ಲಿ ಮೂರು ಮಾರ್ಕು ಮೊದಲ ಭೇಟಿಯಲ್ಲಿ ಏನೂ ಮಾಡದೆ ಮನೆಗೆ ಕಳಿಸಿದ್ದಕ್ಕೇ ಹೋಗ್ತದೆ. ತಮಾಷೆ ಅಲ್ಲ. ಇದಕ್ಕೆ ಮೊದಲು ಇನ್ನೊಂದು ಕಡೆ ತೋರಿಸಿದ್ದೆವು, ಅಲ್ಲಿ ರಿಪೋರ್ಟು ನೋಡಿದ ತಕ್ಷಣ ಕೀಮೋ ಪ್ಯಾಕೇಜಿನ ಎಸ್ಟಿಮೇಟ್ ಕೈಗೆ ಬಂತು, ಆರು ಸೈಕಲ್, ಇಷ್ಟು ಅಡ್ವಾನ್ಸ್, ಸೋಮವಾರ ಅಡ್ಮಿಟ್. ಚಿಕ್ಕಪ್ಪನಿಗೆ ಆಗ ಜ್ವರ ಇಲ್ಲ, ಬೆವರು ಇಲ್ಲ, ತೂಕ ಇಳಿದಿಲ್ಲ, ಬೆಳಿಗ್ಗೆ ಎದ್ದು ತೋಟಕ್ಕೆ ನೀರು ಬಿಟ್ಟು ಬರ್ತಿದ್ರು. ಕುತ್ತಿಗೆಯಲ್ಲಿ ಒಂದೆರಡು ಗಡ್ಡೆ, ಕಂಕುಳಲ್ಲಿ ಒಂದು, ಪೆಟ್ ಸ್ಕ್ಯಾನ್‌ನಲ್ಲಿ ಹೊಟ್ಟೆಯೊಳಗೂ ಕೆಲವು ಕಂಡದ್ದರಿಂದ ಸ್ಟೇಜ್ ಮೂರು. ಸ್ಟೇಜ್ ಮೂರು ಅಂತ ಕೇಳಿದ ಮೇಲೆ ಮನೆಯಲ್ಲಿ ಯಾರಿಗೂ ಊಟ ಸೇರ್ಲಿಲ್ಲ, ಕ್ಯಾನ್ಸರ್ ಅಂದ್ರೆ ನಮಗೆಲ್ಲ ಗೊತ್ತಿದ್ದದ್ದು ಒಂದೇ, ಎಷ್ಟು ಬೇಗ ಹೊಡೀತೀರೋ ಅಷ್ಟು ಒಳ್ಳೆದು.

ಇಲ್ಲಿಯ ಡಾಕ್ಟ್ರು ಮಾಡಿದ ಮೊದಲ ಕೆಲಸ, ಗಡ್ಡೆಯ ತುಂಡಿನ ಸ್ಲೈಡು, ಮೇಣದ ಬ್ಲಾಕು ಎರಡನ್ನೂ ತರಿಸಿ ತಮ್ಮ ಪೆಥಾಲಜಿಯಲ್ಲಿ ಮತ್ತೆ ಓದಿಸಿದ್ದು. ನಮ್ಮ ಊರಿನ ಕಡೆ ಕುತ್ತಿಗೆ ಗಡ್ಡೆ ಅಂದ್ರೆ ಮೊದಲು ಸೂಜಿ ಚುಚ್ಚಿ ನೋಡುವುದು, ಅದರಲ್ಲಿ ಸರಿಯಾಗಿ ಗೊತ್ತಾಗದಿದ್ರೆ ಟಿಬಿ ಮಾತ್ರೆ. ಈ ಕಾಯಿಲೆಗೆ ಸೂಜಿಯ ನಾಲ್ಕು ಹನಿ ಸಾಲುವುದಿಲ್ಲ, ಗಡ್ಡೆಯೊಳಗೆ ಕಣಗಳು ಯಾವ ರೀತಿ ಗುಂಪು ಕಟ್ಟಿವೆ ಅಂತ ನೋಡಿಯೇ ಹೇಳ್ಬೇಕು, ಹಾಗಾಗಿ ಇಡೀ ಗಡ್ಡೆಯನ್ನೋ ಅದರ ಒಳ್ಳೆ ತುಂಡನ್ನೋ ತೆಗೀಬೇಕು. ಆಮೇಲೆ ಕಣದ ಸಿಡಿ20, ಸಿಡಿ10, ಬಿಸಿಎಲ್2 ಅನ್ನುವ ಪ್ರೋಟೀನುಗಳಿಗೆ ಬಣ್ಣ ಹಾಕಿ ನೋಡ್ತಾರೆ. ಬಹುಪಾಲು ಫಾಲಿಕ್ಯುಲರ್ ಲಿಂಫೋಮಾದಲ್ಲಿ 14 ಮತ್ತು 18ನೇ ಕ್ರೋಮೋಸೋಮಿನ ತುಂಡುಗಳು ಅದಲುಬದಲಾಗಿ ಬಿಸಿಎಲ್2 ಪ್ರೋಟೀನು ಬೇಕಾದ್ದಕ್ಕಿಂತ ಜಾಸ್ತಿ ತಯಾರಾಗ್ತದೆ, ಸಾಯಬೇಕಾದ ಕಣ ಸಾಯುವುದಿಲ್ಲ, ಅಷ್ಟೇ ಕಥೆ. ಅದು ಓಡಿಕೊಂಡು ಬೆಳೆಯುವುದಲ್ಲ, ಸಾಯದೆ ಕೂತುಕೊಂಡು ಜಾಸ್ತಿ ಆಗುವುದು. ಡಾಕ್ಟ್ರು ಇದನ್ನು ಲ್ಯಾಬ್ ರಿಪೋರ್ಟಿನ ಹಿಂದೆ ಪೆನ್ನಲ್ಲಿ ಚಿತ್ರ ಮಾಡಿ ತೋರಿಸಿದ್ರು, ಮಾಷ್ಟ್ರಿಗೆ ಪಾಠ ಮಾಡುವ ಧೈರ್ಯ ಅವರಿಗೆ ಮಾತ್ರ.

ಅಲ್ಲಿಂದ ಮತ್ತೆ ಒಂದು ಲಿಸ್ಟ್ ತೆಗೆದ್ರು. ಏಳು ಸೆಂಟಿಮೀಟರಿಗೆ ದೊಡ್ಡ ಗಡ್ಡೆ ಉಂಟಾ, ಮೂರು ಸೆಂಟಿಮೀಟರ್ ದಾಟಿದ ಗಡ್ಡೆ ಮೂರು ಕಡೆ ಉಂಟಾ, ಜ್ವರ ಬೆವರು ತೂಕ ಇಳಿಯುವುದು ಉಂಟಾ, ಗುಲ್ಮ ಊದಿದೆಯಾ, ರಕ್ತದ ಕೌಂಟ್ ಕೆಳಗೆ ಹೋಗಿದೆಯಾ, ಎದೆಯಲ್ಲೋ ಹೊಟ್ಟೆಯಲ್ಲೋ ನೀರು ತುಂಬಿದೆಯಾ. ಫ್ರಾನ್ಸಿನ ಒಂದು ಸಂಶೋಧಕರ ಗುಂಪಿನ ಹೆಸರಲ್ಲಿ ಇದಕ್ಕೆ ಜೆಲ್ಫ್ ಕ್ರೈಟೀರಿಯಾ ಅಂತ ಹೇಳ್ತಾರಂತೆ. ಚಿಕ್ಕಪ್ಪನದ್ದು ಎಲ್ಲದಕ್ಕೂ ಇಲ್ಲ ಇಲ್ಲ ಇಲ್ಲ. "ಹಾಗಾದ್ರೆ ಮಾಷ್ಟ್ರೇ, ಈಗ ಮದ್ದು ಬೇಡ. ಮೂರು ತಿಂಗಳು ಬಿಟ್ಟು ಬನ್ನಿ" ಅಂದ್ರು. ಚಿಕ್ಕಪ್ಪ ಕೇಳಿದ್ರು, "ಡಾಕ್ಟ್ರೇ, ಅಡಿಕೆಯ ಕೊಳೆರೋಗಕ್ಕೆ ನಾವು ಮಳೆ ಹಿಡಿಯುವ ಮೊದಲೇ ಬೋರ್ಡೋ ಮದ್ದು ಹೊಡೆಯುವುದು, ಕಾಯಿ ಉದುರ್ಲಿಕ್ಕೆ ಶುರು ಆದ ಮೇಲೆ ಹೊಡೆದು ಎಂತ ಪ್ರಯೋಜನ?" ಸರಿಯಾದ ಪ್ರಶ್ನೆಯೇ. ನನಗೆ ಭಾರೀ ಖುಷಿ ಆದದ್ದು ಡಾಕ್ಟ್ರು ಅದಕ್ಕೆ "ನಮ್ಮ ಮೇಲೆ ಭರವಸೆ ಇಡಿ" ಅಂತ ಹೇಳ್ಲಿಲ್ಲ. "ಬೇಗ ಹೊಡೆದ್ರೆ ಲಾಭ ಉಂಟಾ ಅಂತ ಜನರನ್ನು ಎರಡು ಪಂಗಡ ಮಾಡಿ ನೋಡಿದ್ದಾರೆ, ಅದರ ಲೆಕ್ಕ ಹೇಳ್ತೇನೆ ಕೇಳಿ" ಅಂದ್ರು.

ಆ ಲೆಕ್ಕ ಬರೀತೇನೆ, ಯಾಕಂದ್ರೆ ಮನೆಗೆ ಬಂದ ಮೇಲೆ ನಾನೂ ಹುಡುಕಿ ಓದಿದೆ, ಅವರು ಹೇಳಿದ್ದು ಹಾಗೇ ಉಂಟು. ಇಂಗ್ಲೆಂಡಿನಲ್ಲಿ 309 ಜನರನ್ನು, ಎಲ್ಲರೂ ಮುಂದುವರಿದ ಸ್ಟೇಜಿನವರೇ ಆದ್ರೆ ಯಾವ ತೊಂದರೆಯೂ ಇಲ್ಲದವರು, ಚೀಟಿ ಎತ್ತಿದ ಹಾಗೆ ಎರಡು ಪಂಗಡ ಮಾಡಿದ್ರು. ಒಂದಕ್ಕೆ ಕೂಡಲೇ ಕ್ಲೋರಾಂಬುಸಿಲ್ ಅನ್ನುವ ಕೀಮೋ ಮಾತ್ರೆ, ಇನ್ನೊಂದಕ್ಕೆ ಬರೀ ಕಾಯುವುದು, ತೊಂದರೆ ಶುರುವಾದ್ರೆ ಮಾತ್ರ ಮದ್ದು. 2003ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂದದ್ದು, ಅಷ್ಟೊತ್ತಿಗೆ ಹದಿನಾರು ವರ್ಷದಷ್ಟು ಹಿಂದೆ ಬಿದ್ದು ನೋಡಿಯಾಗಿತ್ತು. ಎಷ್ಟು ಕಾಲ ಬದುಕಿದ್ರು ಅನ್ನುವುದರಲ್ಲಿ ಲೆಕ್ಕಕ್ಕೆ ಹಿಡಿಯುವಂಥ ವ್ಯತ್ಯಾಸ ಇಲ್ಲ. ಕಾದವರಲ್ಲಿ ಹತ್ತು ವರ್ಷ ಕಳೆದ್ರೂ ಕೀಮೋ ಬೇಕಾಗದವರು ನೂರಕ್ಕೆ 19, ಅದೂ ಎಪ್ಪತ್ತು ದಾಟಿದವರಲ್ಲಿ ನೂರಕ್ಕೆ 40. ಈ ನಲ್ವತ್ತು ಅನ್ನುವುದು ಕೇಳಿದಾಗ ಚಿಕ್ಕಪ್ಪನ ಮುಖ ನೋಡ್ಬೇಕಿತ್ತು, ಪಿಂಚಣಿ ಅರಿಯರ್ಸ್ ಬಂದಾಗಲೂ ಅಷ್ಟು ಅರಳಿಲ್ಲ.

ಅದು ಹಳೇ ಮಾತ್ರೆ, ಈಗ ರಿಟುಕ್ಸಿಮ್ಯಾಬ್ ಬಂದಿದೆಯಲ್ಲ ಅಂತ ನಾನು ಗೂಗಲ್ ಜ್ಞಾನ ತೋರಿಸಿದೆ. ರಿಟುಕ್ಸಿಮ್ಯಾಬ್ ಅಂದ್ರೆ ಲಿಂಫೋಮಾ ಕಣದ ಮೇಲಿನ ಸಿಡಿ20ಗೆ ಹೋಗಿ ಅಂಟುವ ಆಂಟಿಬಾಡಿ, 1997ರ ನವೆಂಬರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿದ್ದು, ಕ್ಯಾನ್ಸರಿಗೆ ಅಂತ ಅಲ್ಲಿ ಒಪ್ಪಿಗೆ ಸಿಕ್ಕಿದ ಮೊದಲ ಮೊನೊಕ್ಲೋನಲ್ (ಒಂದೇ ಗುರಿ ಹಿಡಿಯುವ ಹಾಗೆ ಲ್ಯಾಬಲ್ಲಿ ತಯಾರಿಸಿದ) ಆಂಟಿಬಾಡಿ ಅದೇ, ಅದೂ ಇಂಥ ನಿಧಾನದ ಲಿಂಫೋಮಾಕ್ಕೇ. ಡಾಕ್ಟ್ರು ನಗಾಡಿದ್ರು. ಅದನ್ನೂ ಇಟ್ಟು ನೋಡಿದ್ದಾರೆ, 2014ರ ರಿಪೋರ್ಟು, ಬರೀ ಕಾದವರು ಒಂದು ಕಡೆ, ರಿಟುಕ್ಸಿಮ್ಯಾಬ್ ಕೊಟ್ಟು ಎರಡು ವರ್ಷ ಮುಂದುವರಿಸಿದವರು ಇನ್ನೊಂದು ಕಡೆ. ಮೂರು ವರ್ಷದ ಹೊತ್ತಿಗೆ ಬೇರೆ ಚಿಕಿತ್ಸೆ ಬೇಕಾಗದವರು ಕಾದವರಲ್ಲಿ ನೂರಕ್ಕೆ 46, ಮದ್ದು ಪಡೆದವರಲ್ಲಿ 88. ದೊಡ್ಡ ವ್ಯತ್ಯಾಸವೇ. ಆದ್ರೆ ಬದುಕಿ ಉಳಿದವರ ಲೆಕ್ಕದಲ್ಲಿ ಮಾತ್ರ ವ್ಯತ್ಯಾಸ ಕಾಣ್ಲಿಲ್ಲ. "ಅಂದ್ರೆ ಮಾಷ್ಟ್ರೇ, ನೀವು ದುಡ್ಡು ಕೊಟ್ಟು ತೆಕೊಳ್ಳುವುದು ಗಡ್ಡೆ ಸುಮ್ಮನಿರುವ ಸಮಯವನ್ನು. ಆಯುಸ್ಸು ಅಂತ ತಿಳ್ಕೊಂಡು ತೆಕೊಳ್ಬೇಡಿ." ಇದನ್ನು ನನಗೆ ಬೇರೆ ಯಾವ ಡಾಕ್ಟ್ರೂ ಇಷ್ಟು ಬಿಡಿಸಿ ಹೇಳಿಲ್ಲ, ಮತ್ತೆ ಈ ಇಡೀ ರಿವ್ಯೂ ಬರೀಲಿಕ್ಕೆ ಕಾರಣವೂ ಇದೇ. ಈ ಕಾಯಿಲೆಯ ಮದ್ದುಗಳ ಬಗ್ಗೆ ಓದ್ತಾ ಹೋದ ಹಾಗೆ ಬಾರಿ ಬಾರಿ ಕಾಣುವುದು ಇದೊಂದೇ, ಗಡ್ಡೆ ಕರಗುವುದು ಒಂದು, ಮತ್ತೆ ಬರುವುದು ಮುಂದೆ ಹೋಗುವುದು ಇನ್ನೊಂದು, ಮನುಷ್ಯ ಜಾಸ್ತಿ ದಿನ ಬದುಕುವುದು ಬೇರೆಯೇ ಇನ್ನೊಂದು. ಮೂರನ್ನೂ ಒಂದೇ ಬಿಲ್ಲಲ್ಲಿ ಹಾಕಿ ಮಾರುವವರು ಬೇಕಾದಷ್ಟು ಜನ ಇದ್ದಾರೆ. ಬೇರೆ ಬೇರೆ ಮಾಡಿ ಹೇಳುವ ಓಪಿ ಸಿಕ್ಕಿದ್ರೆ ಬಿಡ್ಬೇಡಿ.

ಕಾಯುವುದು ಸುಲಭ ಅಂತ ಹೇಳ್ಲಿಕ್ಕೆ ಬರುವುದಿಲ್ಲ. ಊರಲ್ಲಿ ಎಲ್ಲರಿಗೂ ಉತ್ತರ ಕೊಡ್ಬೇಕು. ಕ್ಯಾನ್ಸರ್ ಅಂತೀರಿ ಮದ್ದಿಲ್ಲ ಅಂತೀರಿ, ದುಡ್ಡಿಲ್ವಾ ಅಂತ ಕೇಳಿದವರೂ ಇದ್ದಾರೆ. ಒಬ್ಬರು ಗಿಡಮೂಲಿಕೆ ಕಷಾಯ ತಂದುಕೊಟ್ರು, ಇನ್ನೊಬ್ಬರು ಇದೆಲ್ಲ ಎಂಡೋಸಲ್ಫಾನಿಂದಲೇ ಅಂತ ಫೈಸಲ್ ಮಾಡಿದ್ರು. ನಮ್ಮ ಕಡೆ ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಲ್ಲಿ ಅದನ್ನು ಸುರಿದದ್ದು ನೋಡಿದವರಿಗೆ ಆ ಸಂಶಯ ಬರುವುದು ಸಹಜ, ಡಾಕ್ಟ್ರ ಹತ್ರವೂ ಕೇಳಿದೆವು, ಕೀಟನಾಶಕಕ್ಕೂ ಲಿಂಫೋಮಾಕ್ಕೂ ಸಂಬಂಧ ಹುಡುಕಿದ ಅಧ್ಯಯನಗಳು ಉಂಟು, ಆದ್ರೆ ಒಬ್ಬ ಮನುಷ್ಯನ ಗಡ್ಡೆ ಹಿಡಿದು ಇದು ಅದರಿಂದಲೇ ಅಂತ ಹೇಳ್ಲಿಕ್ಕೆ ಆಗುವುದಿಲ್ಲ ಅಂದ್ರು. ಚಿಕ್ಕಪ್ಪ ಅಲ್ಲಿಗೆ ಬಿಟ್ರು. ಚಿಕ್ಕಮ್ಮ ಬಿಡ್ಲಿಲ್ಲ.

2020ರ ಮಾರ್ಚಲ್ಲಿ ಕೇರಳ-ಕರ್ನಾಟಕದ ತಲಪಾಡಿ ಗಡಿ ಮುಚ್ಚಿದಾಗ ಮಾತ್ರ ಈ ಕಾಯುವ ಪಂಗಡದಲ್ಲಿದ್ದದ್ದರ ಬೆಲೆ ಗೊತ್ತಾಯ್ತು. ಮಂಗಳೂರಿನ ಡಯಾಲಿಸಿಸ್, ಮಂಗಳೂರಿನ ಕೀಮೋ ಅಂತ ನೆಚ್ಚಿಕೊಂಡಿದ್ದ ನಮ್ಮ ಜಿಲ್ಲೆಯ ಎಷ್ಟೋ ಜನ ಆಗ ಪಟ್ಟ ಪಾಡು ಯಾರಿಗೂ ಬೇಡ. ನಮ್ಮದು ಕುಂಬಳೆಯ ಲ್ಯಾಬಲ್ಲಿ ರಕ್ತ ಕೊಟ್ಟು ರಿಪೋರ್ಟಿನ ಫೋಟೋ ವಾಟ್ಸಾಪ್ ಮಾಡಿ ಮುಗೀತು. ಓಪಿಯವರು ಅದಕ್ಕೆ ಉತ್ತರ ಕೊಟ್ರು, ಫೀಸು ಕೇಳ್ಲಿಲ್ಲ, ಇದಕ್ಕೆ ಬೇರೆಯೇ ಮಾರ್ಕು ಕೊಡ್ಬೇಕು.

ಇನ್ನು ಬೈಲಿಕ್ಕೆ ಇರುವುದು. ಅಪಾಯಿಂಟ್‌ಮೆಂಟ್ ಹತ್ತು ಗಂಟೆಗೆ ಅಂದ್ರೆ ಹನ್ನೆರಡೂವರೆ ಅಂತ ತಿಳ್ಕೊಳ್ಳಿ. ಫೋನ್ ಎತ್ತುವುದಿಲ್ಲ, ಎತ್ತಿದ್ರೆ ಇನ್ನೊಂದು ನಂಬರ್ ಕೊಡ್ತಾರೆ, ಆ ನಂಬರಿನವರು ಮೊದಲಿನ ನಂಬರ್ ಕೊಡ್ತಾರೆ. ಕೂರ್ಲಿಕ್ಕೆ ಜಾಗ ಸಾಲುವುದಿಲ್ಲ, ಟಿವಿಯಲ್ಲಿ ಇಡೀ ದಿನ ಆಸ್ಪತ್ರೆಯದ್ದೇ ಜಾಹೀರಾತು. ಕ್ಯಾಂಟೀನಿನ ಬನ್ಸ್ ಚಂದ ಉಂಟು, ಸಾಂಬಾರು ಕೇಳ್ಬೇಡಿ. ಇನ್ಶೂರೆನ್ಸ್ ಡೆಸ್ಕಲ್ಲಿ ಕೇರಳದ ಕಾರ್ಡು ಕಂಡ ಕೂಡಲೇ ಮುಖ ಬೇರೆ ಆಗ್ತದೆ, ಯಾವುದು ನಡೀತದೆ ಯಾವುದು ಇಲ್ಲ ಅಂತ ಅವರಿಗೇ ಒಂದು ನಿಶ್ಚಯ ಇಲ್ಲ, ಹಾಗಾಗಿ ಅಡ್ಮಿಷನ್ನಿಗೆ ಮೊದಲೇ ಬರವಣಿಗೆಯಲ್ಲಿ ಕೇಳಿ ಇಟ್ಕೊಳ್ಳಿ. ನನ್ನ ಅರ್ಧ ಮಾರ್ಕು ಕತ್ತರಿಸಿದ್ದು ಇಲ್ಲಿಗೇ.

ಕಾಯುವ ಹೊತ್ತಲ್ಲಿ ಒಂದು ಲಾಭ ಆಯ್ತು, ಪಕ್ಕದಲ್ಲಿ ಕೂತ ಉಪ್ಪಳದ ಒಬ್ಬರ ಪರಿಚಯ. ಅವರದ್ದೂ ನಿಧಾನದ ಲಿಂಫೋಮಾವೇ, ಹೊಟ್ಟೆಯ ಒಳಪದರದಲ್ಲಿ, ಮಾಲ್ಟ್ ಅಂತ ಹೇಳ್ತಾರೆ. ಅವರಿಗೆ ಕೊಟ್ಟದ್ದು ಆಂಟಿಬಯೋಟಿಕ್ ಮತ್ತು ಗ್ಯಾಸ್ಟ್ರಿಕ್ ಮಾತ್ರೆ, ಅಷ್ಟೇ. ನಾನು ನಂಬ್ಲಿಲ್ಲ. ಆಮೇಲೆ ನೋಡಿದ್ರೆ ಅದು 1993ರಿಂದಲೇ ಗೊತ್ತಿರುವ ವಿಷಯ, ಲಂಡನ್ನಿನ ವೊದರ್ಸ್ಪೂನ್ ಮತ್ತವರ ಜೊತೆಗಾರರು ಹೆಲಿಕೋಬ್ಯಾಕ್ಟರ್ ಪೈಲೋರಿ ಅನ್ನುವ ಬ್ಯಾಕ್ಟೀರಿಯಾ ಹೋಗುವ ಹಾಗೆ ಮದ್ದು ಕೊಟ್ಟ ಆರು ಜನರಲ್ಲಿ ಐದು ಜನರ ಗಡ್ಡೆಯೇ ಕಾಣೆ. ಆ ಬ್ಯಾಕ್ಟೀರಿಯಾ ಹೊಟ್ಟೆಯನ್ನು ಕೆರಳಿಸ್ತಾ ಇರುವುದರಿಂದಲೇ ಈ ಕಣಗಳು ಬೆಳೀತಾ ಇರುವುದು, ಕೆರಳಿಸುವುದು ನಿಂತ್ರೆ ಅವೂ ಹಿಂದೆ ಸರೀತವೆ. ಎಲ್ಲರಿಗೂ ಆಗುವುದಿಲ್ಲ, ಆ ಬ್ಯಾಕ್ಟೀರಿಯಾ ಇದ್ದು ಗಡ್ಡೆ ಹೊಟ್ಟೆಯಲ್ಲೇ ನಿಂತವರಿಗೆ ಮೊದಲ ಚಿಕಿತ್ಸೆಯೇ ಇದು. ಒಂದೇ ಬೆಂಚಲ್ಲಿ ಇಬ್ಬರು ಲಿಂಫೋಮಾದವರು, ಒಬ್ಬರಿಗೆ ಮದ್ದೇ ಇಲ್ಲ ಇನ್ನೊಬ್ಬರಿಗೆ ಹತ್ತಿಪ್ಪತ್ತು ದಿನದ ಮಾತ್ರೆ, ಎಸ್ಟಿಮೇಟ್ ಬರೆಯುವವರಿಗೆ ನಷ್ಟವೇ ನಷ್ಟ.

ಕೆಲವು ವರ್ಷ ಹೀಗೇ ಹೋಯ್ತು. ಆಮೇಲೆ ರಾತ್ರಿ ಬನಿಯನ್ ಒದ್ದೆ ಆಗುವಷ್ಟು ಬೆವರು, ಹಿಮೋಗ್ಲೋಬಿನ್ ಇಳೀತು, ಗುಲ್ಮ ಕೈಗೆ ಸಿಗ್ತಿತ್ತು. ಈಗ ಲಿಸ್ಟಿನಲ್ಲಿ ಹೌದು ಹೌದು ಅಂತ ಬಂತು. ಆಗಲೂ ಓಡಿ ಕೀಮೋ ಹಾಕ್ಲಿಲ್ಲ, ಪೆಟ್ ಸ್ಕ್ಯಾನಲ್ಲಿ ಎಲ್ಲಕ್ಕಿಂತ ಹೆಚ್ಚು ಹೊಳೆಯುವ ಗಡ್ಡೆ ಯಾವುದು ಅಂತ ನೋಡಿ ಅಲ್ಲಿಂದಲೇ ಮತ್ತೆ ತುಂಡು ತೆಗೆದ್ರು. ಈ ನಿಧಾನದ್ದು ಕೆಲವರಲ್ಲಿ ವೇಗದ ಜಾತಿಗೆ ತಿರುಗ್ತದೆ, ವರ್ಷಕ್ಕೆ ನೂರರಲ್ಲಿ ಎರಡು ಮೂರು ಜನರಿಗೆ ಅಂತ ಲೆಕ್ಕ, ಹಾಗೆ ತಿರುಗಿದ್ರೆ ಚಿಕಿತ್ಸೆಯೇ ಬೇರೆ. ಪುಣ್ಯಕ್ಕೆ ತಿರುಗಿರ್ಲಿಲ್ಲ.

ಮದ್ದು ಬಿಆರ್, ಅಂದ್ರೆ ಬೆಂಡಾಮುಸ್ಟಿನ್ ಅನ್ನುವ ಕೀಮೋ ಜೊತೆ ರಿಟುಕ್ಸಿಮ್ಯಾಬ್. ಇದರ ಹಿಂದಿನ ಕಥೆ ನನಗೆ ಭಾರೀ ಇಷ್ಟ. ಬೆಂಡಾಮುಸ್ಟಿನ್ ಹೊಸ ಮದ್ದೇ ಅಲ್ಲ, 1960ರ ದಶಕದಲ್ಲಿ ಪೂರ್ವ ಜರ್ಮನಿಯ ಯೇನಾದಲ್ಲಿ ಮಾಡಿದ್ದು, ಬರ್ಲಿನ್ ಗೋಡೆ ಬೀಳುವ ತನಕ ಆಚೆ ಬದಿಯವರು ಅದರ ಕಡೆ ಸರಿಯಾಗಿ ನೋಡಿರ್ಲಿಲ್ಲ. ಆಮೇಲೆ ರುಮ್ಮೆಲ್ ಅನ್ನುವ ಜರ್ಮನ್ ಡಾಕ್ಟ್ರ ತಂಡ ಇದನ್ನು ಆಗಿನ ರಾಜ ಆರ್‌-ಚಾಪ್ (ರಿಟುಕ್ಸಿಮ್ಯಾಬ್ ಜೊತೆ ಕೊಡುವ ಇನ್ನೊಂದು ಕೀಮೋ) ಎದುರು ನಿಲ್ಲಿಸಿ 549 ಜನರಲ್ಲಿ ಪರೀಕ್ಷೆ ಮಾಡಿದ್ರು, 2013ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಬಿಆರ್‌ನಲ್ಲಿ ಕಾಯಿಲೆ ಮುಂದುವರಿಯದೆ ಇದ್ದ ಸಮಯದ ಮಧ್ಯಮ ಲೆಕ್ಕ (ಅರ್ಧ ಜನ ದಾಟುವ ಸಮಯ) 69.5 ತಿಂಗಳು, ಆರ್‌-ಚಾಪ್‌ನಲ್ಲಿ 31.2. ಡಬಲ್‌ಗಿಂತ ಜಾಸ್ತಿ. ಕೂದಲೂ ಉದುರುವುದಿಲ್ಲ, ಚಿಕ್ಕಪ್ಪನ ತಲೆಯಲ್ಲಿ ಉದುರ್ಲಿಕ್ಕೆ ಎಂತದೂ ಇರ್ಲಿಲ್ಲ ಅದು ಬೇರೆ ಮಾತು. ಆದ್ರೆ ಇಲ್ಲಿಯೂ ಅದೇ ರಾಗ, ಒಟ್ಟು ಬದುಕಿದ ಕಾಲದಲ್ಲಿ ಎರಡು ಪಂಗಡಕ್ಕೂ ವ್ಯತ್ಯಾಸ ತೋರ್ಲಿಲ್ಲ. ಡಾಕ್ಟ್ರು ಅದನ್ನೂ ಮುಚ್ಚಿಡ್ಲಿಲ್ಲ. ಈ ಬಾರಿ ಮಾತ್ರ ತೊಂದರೆ ಇತ್ತು, ಆರು ವರ್ಷದ ಹತ್ರ ತೊಂದರೆ ಇಲ್ಲದೆ ಇರ್ಬಹುದು ಅಂದ್ರೆ ಎಪ್ಪತ್ತರ ಮನುಷ್ಯನಿಗೆ ಅದು ಸಣ್ಣ ವಿಷಯ ಅಲ್ಲ, ಒಪ್ಪಿದೆವು.

ಡೇ ಕೇರ್ ಚೊಕ್ಕ. ಶುರು ಮಾಡುವ ಮೊದಲು ಹೆಪಟೈಟಿಸ್ ಬಿ ಟೆಸ್ಟ್ ಮಾಡದೆ ಸೂಜಿ ಮುಟ್ಲಿಲ್ಲ. ರಿಟುಕ್ಸಿಮ್ಯಾಬ್ ಕೊಟ್ರೆ ಮೈಯಲ್ಲಿ ಅಡಗಿ ಕೂತ ಆ ವೈರಸ್ ಮೇಲೆದ್ದು ಲಿವರ್ ಹಾಳು ಮಾಡಬಹುದು, ಅದಕ್ಕೆ ಮೊದಲೇ ನೋಡ್ಬೇಕು. ನಿಮ್ಮ ಕಡೆ ಮಾಡದಿದ್ರೆ ಬಾಯಿಬಿಟ್ಟು ಕೇಳಿ. ಮೊದಲ ದಿನ ಡ್ರಿಪ್ ಹನಿ ಹನಿಯಾಗಿ ಬಿಡ್ತಾರೆ, ಅರ್ಧ ಗಂಟೆಗೊಮ್ಮೆ ಸ್ಪೀಡ್ ಏರಿಸ್ತಾರೆ, ಬೆಳಿಗ್ಗೆ ಕೂತವರು ಏಳುವಾಗ ಸಂಜೆ. ಚಿಕ್ಕಪ್ಪನಿಗೆ ಮಧ್ಯದಲ್ಲಿ ಚಳಿ ಹಿಡಿದು ಹಲ್ಲು ಕಟಕಟ ಆಯ್ತು, ನರ್ಸು ಓಡಿಬಂದು ಡ್ರಿಪ್ ನಿಲ್ಲಿಸಿ ಇಂಜೆಕ್ಷನ್ ಕೊಟ್ಟು ಕಂಬಳಿ ಹೊದಿಸಿ, ಅರ್ಧ ಗಂಟೆ ಬಿಟ್ಟು ನಿಧಾನಕ್ಕೆ ಪುನಃ ಶುರು ಮಾಡಿದ್ರು, ಮೊದಲ ಸಲ ಹೀಗಾಗುವುದು ಮಾಮೂಲು ಅಂತೆ. ಆ ನರ್ಸಿಗೆ ತುಳು, ಕನ್ನಡ, ಮಲಯಾಳ ಮೂರೂ ಬರ್ತದೆ, ಪೇಷಂಟ್ ಯಾವುದರಲ್ಲಿ ನರಳ್ತಾರೋ ಅದರಲ್ಲೇ ಸಮಾಧಾನ. ಎರಡನೇ ದಿನ ಬರೀ ಬೆಂಡಾಮುಸ್ಟಿನ್, ಊಟದ ಹೊತ್ತಿಗೆ ಬಿಡ್ತಾರೆ. ಎಸಿ ಮಾತ್ರ ವಿಪರೀತ, ಶಾಲು ತೆಕೊಂಡೇ ಹೋಗಿ.

ಮದ್ದಿನ ರೇಟಿನ ಬಗ್ಗೆ ಒಂದು ವಿಷಯ. ರಿಟುಕ್ಸಿಮ್ಯಾಬ್ ಅಂದ ಕೂಡಲೇ ಫಾರಿನ್ ಬ್ರ್ಯಾಂಡೇ ಬೇಕು ಅಂತ ಹಠ ಹಿಡಿಯುವವರಿದ್ದಾರೆ. ನಮ್ಮ ಹೈದರಾಬಾದಿನ ಡಾಕ್ಟರ್ ರೆಡ್ಡೀಸ್‌ನವರು 2007ರಲ್ಲೇ ರೆಡಿಟಕ್ಸ್ ಅಂತ ತಂದಿದ್ದಾರೆ, ಈಗ ಬೇರೆ ಕಂಪನಿಯವೂ ಉಂಟು, ಚಿಕ್ಕಪ್ಪನಿಗೆ ಹಾಕಿದ್ದು ಇಂಥ ಬಯೋಸಿಮಿಲರೇ, ಅಂದ್ರೆ ಮೂಲ ಮದ್ದಿನ ಹಾಗೆಯೇ ಕೆಲಸ ಮಾಡುವ ಇನ್ನೊಂದು ಕಂಪನಿಯ ಮದ್ದು. ಬೆಂಡಾಮುಸ್ಟಿನ್ ಮತ್ತು ಲೆನಾಲಿಡೊಮೈಡ್ (ಕಾಯಿಲೆ ಮರಳಿದ್ರೆ ಕೊಡುವ ಒಂದು ಮಾತ್ರೆ) ಎರಡೂ 2022ರಲ್ಲಿ ದೇಶದ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿವೆ. ಫಾರ್ಮಸಿಯಲ್ಲಿ ಒಂದೇ ಬ್ರ್ಯಾಂಡ್ ತೋರಿಸಿದ್ರೆ "ಬೇರೆ ಉಂಟಾ" ಅಂತ ಕೇಳ್ಲಿಕ್ಕೆ ನಾಚಿಕೆ ಬೇಡ, ಕೇಳಿದ ಮೇಲೆ ಕಪಾಟಿನ ಕೆಳಗಿಂದ ಇನ್ನೊಂದು ಬಂದದ್ದು ನಾನು ನೋಡಿದ್ದೇನೆ.

ಬಿಆರ್ ಆದ ಮೇಲೆ ಸೋಂಕಿನ ಹೆದರಿಕೆ ತುಂಬಾ ಸಮಯ ಇರ್ತದೆ. ಸರ್ಪಸುತ್ತು ಬಾರದ ಹಾಗೆ ಎಸೈಕ್ಲೊವಿರ್, ನ್ಯುಮೋನಿಯಾಕ್ಕೆ ಇನ್ನೊಂದು ಮಾತ್ರೆ, ಇದನ್ನು ಬರೆದುಕೊಟ್ಟು ಯಾಕೆ ಅಂತಲೂ ಹೇಳಿದ್ರು. ಚಿಕ್ಕಮ್ಮ ಅದರ ಮೇಲೆ ಸುಬ್ರಹ್ಮಣ್ಯನಿಗೂ ಹೇಳ್ಕೊಂಡ್ರು, ಎರಡು ಕಡೆಯಿಂದಲೂ ಬಂದೋಬಸ್ತ್.

ಆಮೇಲೆ ಮೆಯಿಂಟೆನೆನ್ಸ್ ಪ್ರಶ್ನೆ ಬಂತು, ಅಂದ್ರೆ ಎರಡು ತಿಂಗಳಿಗೊಮ್ಮೆ ರಿಟುಕ್ಸಿಮ್ಯಾಬ್, ಎರಡು ವರ್ಷ. ಇಲ್ಲಿ ಓಪಿಗೆ ನನ್ನ ಇನ್ನೊಂದು ನಮಸ್ಕಾರ, ಯಾಕಂದ್ರೆ ಸುಮ್ನೆ ಡೇಟ್ ಹಾಕಿ ಕೊಟ್ಟಿದ್ರೆ ನಾವು ಹೋಗ್ತಾ ಇರ್ತಿದ್ದೆವು. ಪ್ರೀಮಾ ಅನ್ನುವ ಟ್ರಯಲ್, ಸಾವಿರದ ಇನ್ನೂರು ಚಿಲ್ಲರೆ ಜನರನ್ನು ಸೇರಿಸಿದ್ದು. ಮೆಯಿಂಟೆನೆನ್ಸ್ ಪಡೆದವರಲ್ಲಿ ಕಾಯಿಲೆ ಮುಂದುವರಿಯದ ಸಮಯ ಮಧ್ಯಮ ಹತ್ತೂವರೆ ವರ್ಷ, ಪಡೆಯದವರಲ್ಲಿ ನಾಲ್ಕು ವರ್ಷದ ಆಚೀಚೆ. ಓದಿದ ಕೂಡಲೇ ಯಾರಿಗಾದ್ರೂ ಬೇಕು ಅನ್ನಿಸ್ತದೆ. ಹತ್ತು ವರ್ಷದ ನಂತರ ಬದುಕಿದ್ದವರು ಎಷ್ಟು ಅಂತ ನೋಡಿದ್ರೆ ಎರಡು ಕಡೆಯೂ ನೂರಕ್ಕೆ 80ರ ಹತ್ರ! ಮತ್ತೆ ಆ ಟ್ರಯಲಿನವರಿಗೆ ಮೊದಲು ಕೊಟ್ಟದ್ದು ಆರ್‌-ಚಾಪ್ ಥರದ್ದು, ಬಿಆರ್ ಅಲ್ಲ, ಹಾಗಾಗಿ ಆ ಲೆಕ್ಕವನ್ನು ಹಾಗೇ ಎತ್ತಿ ಚಿಕ್ಕಪ್ಪನ ಮೇಲೆ ಹಾಕ್ಲಿಕ್ಕೆ ಆಗುವುದಿಲ್ಲ, ಸೋಂಕಿನ ಅಪಾಯವೂ ಸೇರ್ತದೆ ಅಂತ ಡಾಕ್ಟ್ರೇ ಹೇಳಿದ್ರು. ಚಿಕ್ಕಪ್ಪ ಬೇಡ ಅಂದ್ರು. ಹೈವೇ ಕೆಲಸದ ಧೂಳಲ್ಲಿ ಎರಡು ತಿಂಗಳಿಗೊಮ್ಮೆ ಮಂಗಳೂರು ಬಸ್ಸು ಹತ್ತುವುದಕ್ಕಿಂತ ಮೊಮ್ಮಕ್ಕಳಿಗೆ ಪದ್ಯ ಹೇಳಿಕೊಡ್ತೇನೆ ಅಂತ. ಅದೇ ಓಪಿಯಲ್ಲಿ ಮಂಗಳೂರಿನವರೇ ಆದ ಒಬ್ಬರು ಬೇಕು ಅಂದ್ರು, ಅವರಿಗೂ ಯಾರೂ ಕಣ್ಣು ಕೆಂಪು ಮಾಡ್ಲಿಲ್ಲ.

ರಿಸರ್ಚ್ ಡೆಸ್ಕಿನ ಬಗ್ಗೆ ಹೇಳದೆ ಬಿಟ್ರೆ ಆಗ್ಲಿಕ್ಕಿಲ್ಲ. ಕೋಆರ್ಡಿನೇಟರ್ ಒಬ್ಬ ಹುಡುಗಿ, ಕಂಪ್ಯೂಟರಲ್ಲಿ ಸಿಟಿಆರ್‌ಐ ತೆಗೆದು ತೋರಿಸಿದಳು. ಭಾರತದಲ್ಲಿ ನಡೆಯುವ ಟ್ರಯಲುಗಳ ಸರ್ಕಾರಿ ರಿಜಿಸ್ಟರಿ ಅದು, 2007ರ ಜುಲೈಯಲ್ಲಿ ಶುರುವಾದದ್ದು, 2009ರ ಜೂನಿಂದ ಅಲ್ಲಿ ನೋಂದಾಯಿಸುವುದು ಕಡ್ಡಾಯ. ಯಾರು ಬೇಕಾದ್ರೂ ದುಡ್ಡಿಲ್ಲದೆ ಹುಡುಕಬಹುದು, ಯಾವ ಊರಲ್ಲಿ, ಯಾವ ಕಾಯಿಲೆಗೆ, ಯಾರಿಗೆ ಸೇರ್ಲಿಕ್ಕೆ ಆಗ್ತದೆ ಎಲ್ಲ ಉಂಟು. ನಮಗೆ ಹೊಂದುವಂಥದ್ದು ಅವರಲ್ಲಿ ಇರ್ಲಿಲ್ಲ, "ಇಲ್ಲ" ಅಂತ ನೇರ ಹೇಳಿದ್ರು. ಆದ್ರೂ ಕೂರಿಸಿ ವಿವರಿಸಿದಳು, ಒಪ್ಪಿಗೆ ಪತ್ರ ನಿಮಗೆ ಅರ್ಥ ಆಗುವ ಭಾಷೆಯಲ್ಲೇ ಇರ್ಬೇಕು, ಪ್ರತಿ ನಿಮ್ಮ ಕೈಗೆ ಕೊಡ್ಬೇಕು, ಯಾವಾಗ ಬೇಕಾದ್ರೂ ಹೊರಗೆ ಬರಬಹುದು, ಬಂದ್ರೆ ಮಾಮೂಲಿ ಚಿಕಿತ್ಸೆ ನಿಲ್ಲಿಸುವ ಹಾಗಿಲ್ಲ, ಟ್ರಯಲಿಂದ ತೊಂದರೆ ಆದ್ರೆ ಅದರ ಚಿಕಿತ್ಸೆ, ಪರಿಹಾರ 2019ರ ನಿಯಮದ ಪ್ರಕಾರ ಕೊಡ್ಲಿಕ್ಕೇ ಬೇಕು. ಭಾಷೆಯ ವಿಷಯ ನಮ್ಮವರು ಗಟ್ಟಿಯಾಗಿ ಹಿಡ್ಕೊಳ್ಬೇಕು. ಆಧಾರಲ್ಲಿ ಕೇರಳ ಅಂತ ಇದ್ದ ಮಾತ್ರಕ್ಕೆ ಮಲಯಾಳದ ಫಾರ್ಮು ಮುಂದೆ ಇಡ್ತಾರೆ, ಚಿಕ್ಕಪ್ಪನ ತಲೆಮಾರಿನವರು ಬಸ್ಸಿನ ಬೋರ್ಡು ಓದಿಯಾರು, ಹದಿನೈದು ಪುಟದ ಮಲಯಾಳ ಓದಿ ಸಹಿ ಹಾಕುವುದು ಹೇಗೆ? ಇಲ್ಲಿ ಕೇಳದೆಯೇ ಕನ್ನಡದ ಮಾದರಿ ತೋರಿಸಿದಳು.

ಮುಂದೆ ಕಾಯಿಲೆ ಮರಳಿ ಬಂದ್ರೆ ಎಂತ ಅಂತಲೂ ಕೇಳಿದ್ದೆವು. ರಿಟುಕ್ಸಿಮ್ಯಾಬ್ ಜೊತೆ ಲೆನಾಲಿಡೊಮೈಡ್ ಮಾತ್ರೆ ಒಂದು ದಾರಿ, ಆಗ್ಮೆಂಟ್ ಅನ್ನುವ ಟ್ರಯಲಲ್ಲಿ ರಿಟುಕ್ಸಿಮ್ಯಾಬ್ ಒಂದನ್ನೇ ಪಡೆದವರಿಗೆ ಕಾಯಿಲೆ ಮುಂದುವರಿಯದ ಸಮಯ 14.1 ತಿಂಗಳು ಸಿಕ್ಕಿದ ಕಡೆ ಇದರಲ್ಲಿ 39.4 ತಿಂಗಳು. ಮೊಸುನೆಟುಜುಮ್ಯಾಬ್, ಎಪ್ಕೊರಿಟಮ್ಯಾಬ್ ಅಂತ ಬಾಯಿ ತಿರುಗದ ಹೆಸರಿನ ಬೈಸ್ಪೆಸಿಫಿಕ್‌ಗಳು ಬಂದಿವೆ, ಒಂದು ಕೈಯಲ್ಲಿ ರೋಗವನ್ನು ಎದುರಿಸುವ ನಮ್ಮ ಟಿ ಕಣವನ್ನೂ ಇನ್ನೊಂದರಲ್ಲಿ ಲಿಂಫೋಮಾ ಕಣವನ್ನೂ ಹಿಡಿಯುವವು. ಕಾರ್ ಟಿ ಉಂಟು, ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್‌ನಲ್ಲಿ ಬೆಳೆದ ನೆಕ್ಸ್‌ಕಾರ್19ಗೆ 2023ರ ಅಕ್ಟೋಬರಲ್ಲಿ ಒಪ್ಪಿಗೆ ಸಿಕ್ಕಿದೆ, ಪೇಷಂಟಿನದೇ ಟಿ ಕಣ ತೆಗೆದು ತಿದ್ದಿ ವಾಪಸ್ ಹಾಕುವುದು. ಅಮೆರಿಕದ್ದಕ್ಕಿಂತ ತುಂಬಾ ಕಮ್ಮಿ ಆದ್ರೂ ಲಕ್ಷಗಳಲ್ಲೇ ಮಾತು.

ಅದರ ಜೊತೆಗೆ ನಾವು ಕೇಳದೆ ಇದ್ರೂ ಡಾಕ್ಟ್ರು ಒಂದು ಸೋತ ಕಥೆ ಹೇಳಿದ್ರು, ಪಿಐ3ಕೆ ಅನ್ನುವ ಗುಂಪಿನ ಮದ್ದುಗಳದ್ದು. ಐಡೆಲಾಲಿಸಿಬ್‌ಗೆ 2014ರಲ್ಲಿ ಗಡ್ಡೆ ಕರಗುತ್ತದೆ ಅನ್ನುವ ಆಧಾರದಲ್ಲಿ ಅಮೆರಿಕದಲ್ಲಿ ಬೇಗ ಒಪ್ಪಿಗೆ ಕೊಟ್ರು, ಹಿಂದೆಯೇ ಕೊಪಾನ್ಲಿಸಿಬ್, ಡುವೆಲಿಸಿಬ್, ಅಂಬ್ರಾಲಿಸಿಬ್. ಗಡ್ಡೆ ಕರಗಿದ್ದು ಹೌದು. ಆದ್ರೆ ಕರುಳು, ಲಿವರ್, ಶ್ವಾಸಕೋಶಕ್ಕೆ ಪೆಟ್ಟು, ಸೋಂಕು, ಕೆಲವು ಟ್ರಯಲುಗಳಲ್ಲಿ ಸಾವು ಕಮ್ಮಿ ಆಗುವ ಬದಲು ಜಾಸ್ತಿ ಆಗ್ತಿದೆಯೋ ಅಂತ ಸಂಶಯ. 2022ರ ಏಪ್ರಿಲಲ್ಲಿ ಎಫ್‌ಡಿಎಯ ಸಲಹಾ ಸಮಿತಿ ಕೂತು ಇನ್ನು ಈ ಗುಂಪಿನ ಮದ್ದಿಗೆ ಎರಡು ಪಂಗಡ ಮಾಡಿ ಹೋಲಿಸಿದ ಲೆಕ್ಕ ಬೇಕು ಅಂತ ಹೇಳ್ತು, ಫಾಲಿಕ್ಯುಲರ್ ಲಿಂಫೋಮಾದ ಮಟ್ಟಿಗೆ ಅದರ ಆಚೀಚೆ ನಾಲ್ಕೂ ಒಂದೊಂದಾಗಿ ಅಲ್ಲಿಯ ಮಾರುಕಟ್ಟೆ ಬಿಟ್ಟವು. ಹೊಸ ಮದ್ದು ಬಂದಿದೆ ಅಂತ ವಾಟ್ಸಾಪಲ್ಲಿ ಬಂದ ಕೂಡಲೇ ಫಾರ್ವರ್ಡ್ ಮಾಡುವ ನನ್ನ ಭಾವನಿಗೆ ಇದನ್ನು ಓದಿಸಿದೆ, ಎರಡು ದಿನ ಸುಮ್ಮನಿದ್ರು.

ಹಾಗಂತ ಎಲ್ಲ ನಿಧಾನದ ಲಿಂಫೋಮಾಕ್ಕೂ ಕಾಯುವುದೇ ಅಂತ ಯಾರೂ ತಿಳ್ಕೊಳ್ಬೇಡಿ. ಮೊದಲ ಚಿಕಿತ್ಸೆಯಾಗಿ ಎರಡು ವರ್ಷದೊಳಗೆ ಮರಳುವವರು ಐದರಲ್ಲಿ ಒಬ್ಬರ ಹತ್ರ ಇರ್ತಾರೆ, ಅವರದ್ದು ಕಷ್ಟದ ದಾರಿ, 2015ರಲ್ಲಿ ಬಂದ ಲೆಕ್ಕದಲ್ಲಿ ಐದು ವರ್ಷ ಬದುಕಿದ್ದವರು ಅಂಥವರಲ್ಲಿ ನೂರಕ್ಕೆ 50, ಉಳಿದವರಲ್ಲಿ 90. ಚಿಕ್ಕಪ್ಪನದ್ದು ಆ ಎರಡು ವರ್ಷ ದಾಟಿದೆ. ಒಂದೇ ಕಡೆ ಸಣ್ಣದಾಗಿ ಇದ್ದವರಿಗೆ ರೇಡಿಯೇಷನ್ ಒಂದೇ ಸಾಕಾಗುವುದೂ ಉಂಟು. ಸ್ಲೈಡ್ ಓದಿದವರೇ ಹೇಳ್ಬೇಕು, ನಾನಲ್ಲ.

ಹೋಗುವವರಿಗೆ: ಕಾಸರಗೋಡು-ಮಂಗಳೂರು ಬಸ್ಸಲ್ಲಿ ಹೋದ್ರೆ ಕೊನೇ ಸ್ಟಾಪಿಂದ ರಿಕ್ಷಾ ಮಾಡ್ಬೇಕು, ರೈಲಲ್ಲಿ ಮಂಗಳೂರು ಸೆಂಟ್ರಲ್‌ನಲ್ಲಿ ಇಳಿದ್ರೆ ಹತ್ರ. ಬಯಾಪ್ಸಿಯ ಪೇಪರ್ ಮಾತ್ರ ಹಿಡ್ಕೊಂಡು ಹೋಗ್ಬೇಡಿ, ಸ್ಲೈಡು ಮತ್ತು ಮೇಣದ ಬ್ಲಾಕು ಎರಡನ್ನೂ ಮೊದಲಿನ ಲ್ಯಾಬಿಂದ ಕೇಳಿ ತೆಕೊಳ್ಳಿ, ಕೊಡ್ಲಿಕ್ಕೆ ಒಂದೆರಡು ದಿನ ಮಾಡ್ತಾರೆ. ಪೆಟ್ ಸ್ಕ್ಯಾನಿನ ಸಿಡಿಯೂ ಬೇಕು. ಹೊಸ ಪೇಷಂಟುಗಳನ್ನು ಮಧ್ಯಾಹ್ನದ ಮೇಲೆ ನೋಡುವುದು, ಆಗ ಡಾಕ್ಟ್ರಿಗೆ ಪುರುಸೊತ್ತು ಜಾಸ್ತಿ, ಪ್ರಶ್ನೆ ಬರ್ಕೊಂಡು ಹೋಗಿ. ಆಸ್ಪತ್ರೆ ಯಾವುದು ಅಂತ ಬೇಕಾದವರು ಮೆಸೇಜ್ ಮಾಡಿ, ಹೇಳ್ತೇನೆ.